ಕರೆಂಟು ಹೋದಾಗ ಸೋತ ಸಾಫ್ಟ್‌ವೇರ್

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ ಕೆಲಸವೇ ಜಾಸ್ತಿ. ನನ್ನದೊಂದು ಕ್ಯಾಮೆರಾ, ನನ್ನ ಹುಡುಗನದ್ದೊಂದು. ನಾಂದಿಯಿಂದ ಹಿಡಿದು ಹೆಣ್ಣೊಪ್ಪಿಸುವ ತನಕ 2,400 ಫೋಟೋ ಆಗಿಬಿಡುತ್ತವೆ. ಆಲ್ಬಮ್ಮಿಗೆ ಬೇಕಾಗುವುದು ನಾನೂರು. ಉಳಿದ ಎರಡು ಸಾವಿರವನ್ನು ಒಂದೊಂದಾಗಿ ನೋಡಿ ಪಕ್ಕಕ್ಕೆ ಹಾಕಬೇಕು. ಕಣ್ಣು ಮುಚ್ಚಿದ ಮದುಮಗ, ಅಡ್ಡ ಬಂದ ಭಟ್ಟರ ಕೈ, ಫೋಕಸ್ ತಪ್ಪಿದ ಧಾರೆ. ಅಷ್ಟರಲ್ಲಿ ಮದುಮಗಳ ತಮ್ಮನ ಫೋನು: ‘ಅಣ್ಣಾ, ಫೋಟೋ ಎಲ್ಲಿಗೆ ಬಂತು?’ ಮದುವೆಯಾಗಿ ಮೂರೇ ದಿನ ಆಗಿರುತ್ತದೆ.

ಒಂದು ಫೋಟೋದಿಂದ ಇನ್ನೊಂದಕ್ಕೆ ಹೋಗುವಾಗ ಎರಡು ಸೆಕೆಂಡ್ ಕಾಯಬೇಕಾದರೆ 2,400 ಫೋಟೋಗೆ 80 ನಿಮಿಷ ಆಗುತ್ತದೆ. ಬರೀ ಕಾಯುವುದಕ್ಕೆ! ಹೋದ ಆಷಾಢದಲ್ಲಿ ಮದುವೆ ಇರಲಿಲ್ಲ. ಯಾವ ಸಾಫ್ಟ್‌ವೇರ್ ಫೋಟೋ ಆರಿಸುವುದಕ್ಕೆ ಬೇಗ ಓಡುತ್ತದೆ ಅಂತ ನಾನೇ ನೋಡಿಬಿಡೋಣ ಎಂದು ಕೂತೆ.

ಪರೀಕ್ಷೆಗೆ ತೆಗೆದುಕೊಂಡಿದ್ದು ಮಂಡಗದ್ದೆಯ ಬೆಳ್ಳಕ್ಕಿ ಫೋಟೋಗಳನ್ನು. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಅವು ಗೂಡು ಕಟ್ಟುತ್ತವೆ, ಜೊತೆಗೆ ನೀರುಕಾಗೆ, ಹಾವಕ್ಕಿ. ಬಿಡುವಿದ್ದಾಗ ಹೋಗಿ ಹಾರುವ ಹಕ್ಕಿಗೆ ಗುಂಡಿ ಒತ್ತಿ ಹಿಡಿದುಬಿಡುತ್ತೇನೆ. ಒಂದೇ ಥರದ ಮೂವತ್ತು ಫೋಟೋ ಬರುತ್ತವೆ, ಅದರಲ್ಲಿ ಕಣ್ಣು ಶಾರ್ಪ್ ಇರುವುದು ಎರಡೋ ಮೂರೋ. ಧಾರೆ ಫೋಟೋದ ಕಷ್ಟವೂ ಇದೇ ಅಲ್ವಾ? ಅಂಥ 300 ರಾ ಫೈಲ್ (ಕ್ಯಾಮೆರಾ ಹಿಡಿದದ್ದು ಪೂರ್ತಿ ಹಾಗೇ ಇರುವ ಫೈಲ್) ಒಂದು ಫೋಲ್ಡರಿಗೆ ಹಾಕಿದೆ. ಒಂದೊಂದು 25 ಎಂಬಿ, ಒಟ್ಟು ಏಳೂವರೆ ಜಿಬಿ. ಪರೀಕ್ಷೆಗೆ ಕೂತ ಸಾಫ್ಟ್‌ವೇರ್ ನಾಲ್ಕು: ಲೈಟ್‌ರೂಮ್ ಕ್ಲಾಸಿಕ್, ಡಾರ್ಕ್‌ಟೇಬಲ್, ಡಿಜಿಕ್ಯಾಮ್, ಆಮೇಲೆ ಟ್ರಯಲ್ ಹಾಕಿಕೊಂಡ ಫೋಟೋ ಮೆಕ್ಯಾನಿಕ್. ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್.

ಮೊದಲ ದಿನದ ಲೆಕ್ಕವನ್ನೆಲ್ಲ ಹರಿದು ಹಾಕಬೇಕಾಯಿತು. ಯಾವುದನ್ನು ಮೊದಲು ಓಡಿಸುತ್ತೇನೋ ಅದೇ ಸೋಲುತ್ತಿತ್ತು. ಸರದಿ ಬದಲಿಸಿದರೆ ಗೆದ್ದದ್ದು ಸೋತಿತು, ಸೋತದ್ದು ಗೆದ್ದಿತು. ಆಮೇಲೆ ಹೊಳೆಯಿತು. ಮೊದಲನೆಯದು ಫೈಲುಗಳನ್ನು ಹಾರ್ಡ್‌ಡಿಸ್ಕಿನಿಂದ ಎಳೆದು ತರಬೇಕು. ಅಷ್ಟು ಹೊತ್ತಿಗೆ ವಿಂಡೋಸ್ ಅವನ್ನು ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ, ಎರಡನೆಯದಕ್ಕೆ ಬಡಿಸಿದ ಎಲೆ ಸಿಕ್ಕಿದ ಹಾಗೆ. ನನ್ನ ಲ್ಯಾಪ್‌ಟಾಪಿನಲ್ಲಿ 16 ಜಿಬಿ ರ‍್ಯಾಮ್ ಇದೆ, ಏಳೂವರೆ ಜಿಬಿ ಸಲೀಸಾಗಿ ಹಿಡಿಸುತ್ತದೆ. ಅಲ್ಲಿಂದ ಮುಂದೆ ಪ್ರತಿ ಸಲ ರೀಸ್ಟಾರ್ಟ್ ಮಾಡಿಯೇ ಅಳೆದೆ.

ಎರಡನೇ ದಿನ ಜೋರು ಮಳೆ. ಡಾರ್ಕ್‌ಟೇಬಲ್ ಸರದಿ ಬಂದಾಗ ಏನು ಮಾಡಿದರೂ ಎಳೆಯುತ್ತಿತ್ತು. ಒಂದು ಸ್ಲೈಡರ್ ಸರಿಸಿದರೆ ಬಣ್ಣ ಬದಲಾಗುವುದು ಆಮೇಲೆ ಯಾವಾಗಲೋ. ‘ಪುಕ್ಕಟೆ ಸಾಮಾನು ಇಷ್ಟೇ’ ಎಂದು ಪುಸ್ತಕದಲ್ಲಿ ಬರೆದೂಬಿಟ್ಟೆ. ಚಹಾ ಮಾಡೋಣ ಅಂತ ಎದ್ದು ಲೈಟ್ ಸ್ವಿಚ್ ಒತ್ತಿದರೆ ಹತ್ತಲಿಲ್ಲ. ಕರೆಂಟು ಯಾವಾಗಲೋ ಹೋಗಿತ್ತು! ಬ್ಯಾಟರಿಗೆ ಬಂದ ಕೂಡಲೇ ನನ್ನ ಲ್ಯಾಪ್‌ಟಾಪ್ ಪ್ರೊಸೆಸರಿನ ವೇಗ ಇಳಿಸುತ್ತದೆ, ಗ್ರಾಫಿಕ್ಸ್ ಕಾರ್ಡಿನದ್ದೂ ಅಷ್ಟೇ. ಡಾರ್ಕ್‌ಟೇಬಲ್ ಓಪನ್‌ಸಿಎಲ್ ಎಂಬ ವ್ಯವಸ್ಥೆಯ ಮೂಲಕ ಅದೇ ಕಾರ್ಡಿನಿಂದ ಕೆಲಸ ತೆಗೆಸುವುದು. ಕರೆಂಟು ಬಂದ ಮೇಲೆ ಅದೇ ಸ್ಲೈಡರ್ ಸಲೀಸಾಗಿ ಓಡಾಡಿತು. ಬರೆದಿದ್ದನ್ನು ಹೊಡೆದು ಹಾಕಿದೆ.

ಸರಿಯಾಗಿ ಅಳೆದ ಮೇಲೆ ಗೊತ್ತಾಗಿದ್ದು, ನಾನು ಬೇರೆ ಬೇರೆ ಕೆಲಸವನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೆ ಅಂತ. ರಾ ಫೈಲಿನ ಹೊಟ್ಟೆಯೊಳಗೆ ಕ್ಯಾಮೆರಾವೇ ಮಾಡಿಟ್ಟ ಒಂದು ಜೆಪೆಗ್ ಇರುತ್ತದೆ. ಫೋಟೋ ಮೆಕ್ಯಾನಿಕ್ ಅದನ್ನೇ ಎತ್ತಿ ತೋರಿಸುತ್ತದೆ, ಅದಕ್ಕೇ ಬಾಣ ಒತ್ತಿದ ಹಾಗೆ ಫೋಟೋ ಬದಲಾಗುತ್ತದೆ. ಡಿಜಿಕ್ಯಾಮ್‌ನ ಸೆಟ್ಟಿಂಗಿನಲ್ಲೂ ಆ ಜೆಪೆಗ್ಗನ್ನೇ ತೋರಿಸು ಅಂತ ಹೇಳಬಹುದು. ಲೈಟ್‌ರೂಮ್ ರಾ ಫೈಲನ್ನು ಬಿಡಿಸಿ, ತನ್ನ ಬಣ್ಣ ಹಚ್ಚಿ ಪ್ರಿವ್ಯೂ ತಯಾರಿಸುತ್ತದೆ. ಅದಕ್ಕೆ ಹೊತ್ತು ಹಿಡಿಯುವುದೇ. ಆದರೆ ಇಂಪೋರ್ಟ್ ಮಾಡುವಾಗಲೇ ಒನ್ ಟು ಒನ್ ಪ್ರಿವ್ಯೂ (ಫೋಟೋದ ಪೂರ್ತಿ ಗಾತ್ರದ್ದು) ಕಟ್ಟಲು ಬಿಟ್ಟು ಊಟಕ್ಕೆ ಹೋದರೆ, ಬಂದ ಮೇಲೆ ಬೆಳ್ಳಕ್ಕಿಯ ಕಣ್ಣಿಗೆ ಝೂಮ್ ಮಾಡಿದರೂ ತಡವರಿಸುವುದಿಲ್ಲ. ಬೇಗ ಶುರು ಮಾಡಬೇಕಾದರೆ ಕ್ಯಾಮೆರಾದ ಜೆಪೆಗ್ಗನ್ನೇ ತೋರಿಸುವ ‘ಎಂಬೆಡೆಡ್ ಅಂಡ್ ಸೈಡ್‌ಕಾರ್’ ಆರಿಸಿಕೊಂಡರಾಯಿತು. ಅದು ಬಹಳ ಹಿಂದಿನಿಂದಲೇ ಲೈಟ್‌ರೂಮಿನಲ್ಲಿ ಇದೆಯಂತೆ. ನಾನು ಆ ಮೆನು ತೆರೆದೇ ಇರಲಿಲ್ಲ.

ಎಕ್ಸ್‌ಪೋರ್ಟ್ ವೇಗವನ್ನು ಅಳೆಯುವುದನ್ನೇ ಬಿಟ್ಟೆ. ರಾತ್ರಿ ಹಾಕಿ ಮಲಗಿದರೆ ಯಾವುದಾದರೂ ಬೆಳಗ್ಗೆ ಮುಗಿದಿರುತ್ತದೆ.

ಈಗ ಸೆಲೆಕ್ಷನ್ ಡಿಜಿಕ್ಯಾಮ್‌ನಲ್ಲಿ, ಬಣ್ಣ ಲೈಟ್‌ರೂಮಿನಲ್ಲಿ, ಅದಕ್ಕೆ ಕೈ ಪಳಗಿದೆ. ಫೋಟೋಗೆ ಕೊಟ್ಟ ಸ್ಟಾರ್, ಅದರ ಪಕ್ಕದಲ್ಲೇ ಇರುವ ಎಕ್ಸ್‌ಎಂಪಿ ಎಂಬ ಸಣ್ಣ ಫೈಲಿನಲ್ಲಿ ಕೂರುವ ಹಾಗೆ ಸೆಟ್ಟಿಂಗ್ ಮಾಡಿಕೊಂಡಿದ್ದೇನೆ, ಲೈಟ್‌ರೂಮ್ ಅದನ್ನು ಓದಿಕೊಳ್ಳುತ್ತದೆ. ಹೊಸ ಸಾಫ್ಟ್‌ವೇರಿಗೆ ಅಂತ ತೆಗೆದಿಟ್ಟ ದುಡ್ಡಲ್ಲಿ ಹಾರ್ಡ್‌ಡಿಸ್ಕಿನ ಬದಲು ಬೇಗ ಓದುವ ಎಸ್‌ಎಸ್‌ಡಿ ಹಾಕಿಸಿದೆ. ಹಳೇ ಕಾರ್ಡ್ ರೀಡರನ್ನೂ ಎಸೆದೆ. ಅದು ಯುಎಸ್‌ಬಿ 2.0, ಲೆಕ್ಕದಲ್ಲೇ ಸೆಕೆಂಡಿಗೆ 60 ಎಂಬಿ ದಾಟುವುದಿಲ್ಲ, ನಿಜದಲ್ಲಿ ಇನ್ನೂ ಕಮ್ಮಿ. 60 ಜಿಬಿ ಮದುವೆ ಇಳಿಸುವಷ್ಟರಲ್ಲಿ ಎರಡು ಚಹಾ ಮುಗಿಯುತ್ತಿತ್ತು.

ಮೊನ್ನೆ ಆ ತಮ್ಮನ ಥರದವನೇ ಇನ್ನೊಬ್ಬ ಫೋನ್ ಮಾಡಿದ. ‘ಸೆಲೆಕ್ಷನ್ ಆಯ್ತು ಮಾರಾಯ, ಬಂದು ನೋಡು’ ಅಂದೆ. ಹುಡುಗ ಎರಡು ವಾರವಾದರೂ ಬಂದಿಲ್ಲ.