ವೋಲ್ಟೇಜ್ ಮತ್ತು ಕರೆಂಟಿನಿಂದ ರೋಧ, ವಾಟ್ ಲೆಕ್ಕ ಹಾಕುವುದು

ಉಡುಪಿಯ ಮನೆಯೊಂದರಲ್ಲಿ ಗೀಸರಿಗೆ 230 ವೋಲ್ಟ್ ದೊರೆತು, ತಂತಿಯನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ 8.7 ಆಂಪಿಯರ್ ತೋರಿಸಿದರೆ, ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದಾಗ ಸುಮಾರು 26.4 ಓಮ್ ರೋಧವೂ, ಅವೆರಡನ್ನು ಗುಣಿಸಿದಾಗ ಸುಮಾರು 2000 ವಾಟ್ ಸಾಮರ್ಥ್ಯವೂ ಸಿಗುತ್ತದೆ. ಮೀಟರಿನ ಬಾಯಿಯೊಳಗೆ ಫೇಸ್ ತಂತಿಯೊಂದೇ ಇರಬೇಕು. ನ್ಯೂಟ್ರಲ್ ತಂತಿಯೂ ಸೇರಿಕೊಂಡರೆ ಅದು ಸೊನ್ನೆ ತೋರಿಸುತ್ತದೆ.

ಮಳೆಗಾಲದ ಸಂಜೆ ವೋಲ್ಟೇಜ್ 190ಕ್ಕೆ ಇಳಿಯಿತೆನ್ನಿ. ಗೀಸರಿನೊಳಗೆ ನೀರು ಕಾಯಿಸುವ ಕಾಯಿಲಿನ ರೋಧ ಹೆಚ್ಚುಕಡಿಮೆ ಅಷ್ಟೇ ಉಳಿಯುವುದರಿಂದ ಕರೆಂಟ್ 7.2 ಆಂಪಿಯರಿಗೂ ಸಾಮರ್ಥ್ಯ ಸುಮಾರು 1370 ವಾಟಿಗೂ ಕುಸಿಯುತ್ತದೆ. ನೀರು ಕಾಯಲು ತಡವಾದ ಮಾತ್ರಕ್ಕೆ ಗೀಸರ್ ಕೆಟ್ಟಿದೆಯೆಂದು ದಯವಿಟ್ಟು ಅವಸರದಿಂದ ತೀರ್ಮಾನಿಸಬೇಡಿ.

ಬಾವಿಯ ಪಂಪಿಗೆ ಇಷ್ಟು ಸಾಲದು: ಮೋಟಾರಿನ ನಿಜವಾದ ವಾಟ್ ತಿಳಿಯಲು ವೋಲ್ಟೇಜ್ ಮತ್ತು ಕರೆಂಟಿನ ಗುಣಲಬ್ಧವನ್ನು ಪವರ್ ಫ್ಯಾಕ್ಟರಿನಿಂದಲೂ (ಆ ಗುಣಲಬ್ಧದಲ್ಲಿ ನಿಜವಾದ ವಾಟಿನ ಪಾಲು) ಗುಣಿಸಬೇಕು.