ಹೊಟ್ಟೆಯೊಳಗಿನ ಮಗುವಿನ ಮಿದುಳಿನಲ್ಲಿ ರಕ್ತಸ್ರಾವ: ಸ್ಕ್ಯಾನ್‌ನಲ್ಲಿ ನಾನು ಹುಡುಕುವ ಬಗೆ

ಏಳನೇ ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಮಗುವಿನ ಬೆಳವಣಿಗೆ, ನೀರು ನೋಡಿದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಾನು ಆಗಲೂ ತಲೆಯನ್ನು ಮೊದಲಿನಿಂದ ನೋಡುತ್ತೇನೆ. ಮಿದುಳಿನ ರಕ್ತಸ್ರಾವ ಹೆಚ್ಚಾಗಿ ಕಣ್ಣಿಗೆ ಬೀಳುವುದೇ ಆಗ. 20ನೇ ವಾರದ ಸ್ಕ್ಯಾನ್ ಚೆನ್ನಾಗಿತ್ತು ಅಂತ ಸುಮ್ನೆ ಬಿಡುವ ಹಾಗಿಲ್ಲ.

ಒಬ್ಬ ತಾಯಿ 32ನೇ ವಾರದಲ್ಲಿ ಬಂದಿದ್ದರು. ಮಗುವಿನ ಮಿದುಳಿನೊಳಗೆ ನೀರು ತುಂಬಿರುವ ಜಾಗ, ಅಂದರೆ ವೆಂಟ್ರಿಕಲ್, ದೊಡ್ಡದಾಗಿದೆ ಅಂತ ಕಳಿಸಿದ್ದರು. ಅದರ ಅಗಲ 10 ಮಿ.ಮೀ. ಒಳಗಿರಬೇಕು. ಇಲ್ಲಿ 14 ಇತ್ತು. ಅಳತೆ ಸರಿಯೇ, ಆದರೆ ಯಾಕೆ ದೊಡ್ಡದಾಯಿತು ಅನ್ನುವುದು ಅಳತೆಯಿಂದ ಗೊತ್ತಾಗುವುದಿಲ್ಲವಲ್ಲ.

ನಾನು ಮೊದಲು ನೋಡಿದ್ದು ವೆಂಟ್ರಿಕಲ್‌ನ ಗೋಡೆ. ಒಳಗೆ ರಕ್ತ ಸೇರಿದರೆ ಆ ಗೋಡೆ ದಪ್ಪಗೆ, ಬೆಳ್ಳಗೆ ಹೊಳೆಯುತ್ತದೆ. ಇಲ್ಲಿ ಹಾಗೇ ಇತ್ತು. ಆಮೇಲೆ ಮುಂಭಾಗದ ಕೊಂಬು, ಅಂದರೆ ವೆಂಟ್ರಿಕಲ್ ಹಣೆಯ ಕಡೆಗೆ ಚಾಚಿರುವ ಭಾಗ. ವೆಂಟ್ರಿಕಲ್‌ನ ನೀರನ್ನು ತಯಾರಿಸುವ ಅಂಗಾಂಶ, ಕೋರಾಯ್ಡ್ ಪ್ಲೆಕ್ಸಸ್ ಕೂಡ ಬೆಳ್ಳಗೇ ಕಾಣುತ್ತದೆ, ಹೆಪ್ಪುಗಟ್ಟಿದ ರಕ್ತವೂ ಬೆಳ್ಳಗೇ. ಆದರೆ ಪ್ಲೆಕ್ಸಸ್ ಮುಂಭಾಗದ ಕೊಂಬಿನವರೆಗೆ ಬರುವುದಿಲ್ಲ. ಅಲ್ಲಿ ಬಿಳಿ ಗಡ್ಡೆಯಂಥದ್ದು ಕಂಡರೆ ನನಗೆ ಮೊದಲ ಅನುಮಾನ ರಕ್ತದ ಮೇಲೆಯೇ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದೆ. ಹರಿವು ಇರಲಿಲ್ಲ. ಟ್ಯೂಮರ್ ಆಗಿದ್ದರೆ ಒಳಗೆ ರಕ್ತನಾಳ ಕಾಣುವ ಸಾಧ್ಯತೆ ಜಾಸ್ತಿ.

ಇನ್ನೊಂದು ತೊಡಕಿದೆ. ಪ್ರೋಬ್‌ಗೆ, ಅಂದರೆ ಹೊಟ್ಟೆಯ ಮೇಲೆ ಇಡುವ ಸ್ಕ್ಯಾನ್ ಉಪಕರಣಕ್ಕೆ, ಹತ್ತಿರ ಇರುವ ಅರ್ಧ ಮಿದುಳು ತಲೆಬುರುಡೆಯ ಪ್ರತಿಧ್ವನಿಯಲ್ಲಿ ಮಸುಕಾಗುತ್ತದೆ. ಚೆನ್ನಾಗಿ ಕಾಣುವ ಬದಿಯನ್ನಷ್ಟೇ ನೋಡಿ ಎದ್ದರೆ ಅರ್ಧ ಕೆಲಸ ಮಾಡಿದ ಹಾಗೆ. ಮಗುವಿನ ತಲೆ ಕೆಳಗಿತ್ತು, ಹಾಗಾಗಿ ತಾಯಿಯ ಒಪ್ಪಿಗೆ ಪಡೆದು ಯೋನಿಯ ಮೂಲಕ ಸ್ಕ್ಯಾನ್ ಮಾಡಿದೆ. ನೆತ್ತಿಯ ಮೆತ್ತನೆ ಜಾಗದಿಂದ ನೋಡಿದಾಗ ಎರಡೂ ಬದಿ ಸ್ಪಷ್ಟವಾಯಿತು. ಮಿದುಳಿನ ತಿರುಳಿಗೆ ರಕ್ತ ಹರಡಿರಲಿಲ್ಲ. ಮಗುವಿನ ಮುಂದಿನ ದಿನಗಳನ್ನು ಹೆಚ್ಚಾಗಿ ನಿರ್ಧರಿಸುವುದು ಅದೇ. ಎಂಆರ್‌ಐಯಲ್ಲೂ ಅದೇ ಕಂಡಿತು.

ಎರಡು ವಾರ ಬಿಟ್ಟು ಮತ್ತೆ ನೋಡಿದೆ. ಗಡ್ಡೆಯ ನಡುಭಾಗ ಕಪ್ಪಾಗಿ, ಅಂಚು ಮಾತ್ರ ಬೆಳ್ಳಗೆ ಉಳಿದಿತ್ತು. ರಕ್ತ ಹೀಗೆ ಬಣ್ಣ ಬದಲಿಸುತ್ತದೆ. ಒಂದೇ ಸ್ಕ್ಯಾನ್ ನಂಬಿ ತಂದೆತಾಯಿಗೆ ಭವಿಷ್ಯ ಹೇಳಲು ನಾನು ಒಪ್ಪುವುದಿಲ್ಲ.

ಕಾರಣ ಹುಡುಕದೆ ಫೈಲ್ ಮುಚ್ಚುವುದಂತೂ ಬೇಡವೇ ಬೇಡ. ಪೆಟ್ಟು ಬಿದ್ದಿತ್ತಾ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ, ಸೈಟೋಮೆಗಾಲೊ ವೈರಸ್ ಸೋಂಕು ಇದೆಯಾ ಅಂತ ಕೇಳುತ್ತೇನೆ, ಪರೀಕ್ಷೆ ಮಾಡಿಸುತ್ತೇನೆ. ಮಗುವಿನ ಪ್ಲೇಟ್‌ಲೆಟ್‌ಗಳ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು) ವಿರುದ್ಧ ತಾಯಿಯ ರಕ್ತದಲ್ಲಿ ಪ್ರತಿಕಾಯ ಇದೆಯಾ ಅನ್ನುವ ಪರೀಕ್ಷೆಯನ್ನು ಮಾತ್ರ ಯಾವತ್ತೂ ಬಿಡುವುದಿಲ್ಲ. ಈ ತೊಂದರೆಯಲ್ಲಿ ತಾಯಿಯ ಸ್ವಂತ ಪ್ಲೇಟ್‌ಲೆಟ್ ಎಣಿಕೆ ಸರಿಯಾಗೇ ಇರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಮೊದಲ ಬಸಿರಿನಲ್ಲೇ ಬರಬಹುದು, ಮುಂದಿನದರಲ್ಲಿ ಮರುಕಳಿಸಬಹುದು. ಮೊದಲೇ ಗೊತ್ತಿದ್ದರೆ ಮುಂದಿನ ಬಸಿರಿನಲ್ಲಿ ತಾಯಿಗೆ ವಾರವಾರ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧಿ) ಕೊಟ್ಟು ಮಗುವನ್ನು ಕಾಪಾಡಲು ದಾರಿಯಿದೆ.