ರಕ್ತಪಿಶಾಚಿಯನ್ನು ಬೆಳ್ಳಗೆ ಮಾಡಬೇಡಿ

ದಾವಣಗೆರೆಯಲ್ಲಿ ಮದುವೆ ಆಲ್ಬಮ್ ತಿದ್ದುವ ಯಾವ ಸ್ಟುಡಿಯೊಗೆ ಹೋದರೂ ಕಂಪ್ಯೂಟರ್ ಮುಂದೆ ನಡೆಯುವ ಕೆಲಸ ಹೆಚ್ಚುಕಡಿಮೆ ಒಂದೇ. ಕಣ್ಣಿನ ಕೆಳಗಿನ ಕಪ್ಪು ಅಳಿಸುವುದು, ಕೆನ್ನೆಗೆ ಕೆಂಪು ತರುವುದು, ಹಲ್ಲು ಹೊಳೆಯಿಸುವುದು, ಕೊನೆಗೆ ಮದುಮಕ್ಕಳನ್ನು ಅವರ ಸ್ವಂತ ಸೋದರಮಾವನಿಗೂ ಗುರುತು ಸಿಗದಷ್ಟು ಬೆಳ್ಳಗೆ ಮಾಡುವುದು. ಗೆಳೆಯನೊಬ್ಬನ ಭಾವಚಿತ್ರವನ್ನು ರಕ್ತಪಿಶಾಚಿಯಾಗಿ ಬದಲಿಸಲು ಇದೇ ತಂತ್ರಾಂಶ, ಇದೇ ಬ್ರಷ್ ಸಾಕು. ಕೆಲಸ ಮಾತ್ರ ತಿರುಗುಮುರುಗು: ಕಪ್ಪು ಸೇರಿಸಬೇಕು, ಕೆಂಪು ತೆಗೆಯಬೇಕು, ಸಾಲಾಗಿರುವ ಹಲ್ಲುಗಳಲ್ಲಿ ಎರಡನ್ನು ಸಾಲು ತಪ್ಪಿಸಬೇಕು. ಬೆಳ್ಳಗೆ ಮಾಡುವ ಚಾಳಿಯನ್ನಂತೂ ಬಿಟ್ಟೇಬಿಡಬೇಕು. ಕಾಲೇಜು ನಾಟಕಗಳ ಪೋಸ್ಟರ್‌ಗಳಲ್ಲಿ ಪಿಶಾಚಿಯ ಮುಖ ಸುಣ್ಣ ಬಳಿದ ಗೋಡೆಯಂತೆ ಕಾಣುವುದು ಆ ಚಾಳಿಯಿಂದಲೇ.

ಮೊದಲು ಫೋಟೊ

ತಿದ್ದುವ ಕೆಲಸ ಅರ್ಧ ಮುಗಿಯುವುದು ಫೋಟೊ ತೆಗೆಯುವಾಗಲೇ. ಬೆಳಕು ಒಂದೇ ಪಕ್ಕದಿಂದ ಬರಬೇಕು. ಮುಖದ ಇನ್ನೊಂದು ಪಕ್ಕ ನೆರಳಿನಲ್ಲಿರಬೇಕು. ಮನೆಯಲ್ಲಾದರೆ ಕಿಟಕಿಯ ಪಕ್ಕ ನಿಲ್ಲಿಸಿ ಕೋಣೆಯ ದೀಪ ಆರಿಸಿದರೆ ಆಯಿತು. ಚಿತ್ರದುರ್ಗದವರಿಗೆ ಇನ್ನೂ ಒಳ್ಳೆಯ ಜಾಗವಿದೆ. ಕೋಟೆಯ ಹೆಬ್ಬಾಗಿಲುಗಳು ನೇರ ದಾರಿಗೆ ತೆರೆದುಕೊಳ್ಳುವುದಿಲ್ಲ. ಶತ್ರು ಒಮ್ಮೆಲೇ ನುಗ್ಗದಂತೆ ದಾರಿಯನ್ನು ತಿರುವಿ ತಿರುವಿ ಕಟ್ಟಿದ್ದಾರೆ. ಹಾಗಾಗಿ ಬಾಗಿಲ ಒಳಗೆ ನಿಂತವರ ಮುಖಕ್ಕೆ ಬೆಳಕು ಓರೆಯಾಗಿಯೇ ಬೀಳುತ್ತದೆ, ಹಿಂದೆ ಕಣಶಿಲೆಯ (ಗ್ರಾನೈಟ್) ಗೋಡೆ ಕಪ್ಪಾಗಿ ಉಳಿಯುತ್ತದೆ. ಅಲ್ಲಿ ಟ್ರೈಪಾಡ್ ನಿಲ್ಲಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಮೊಬೈಲ್ ಕೈಯಲ್ಲೇ ಇರಲಿ.

ಬಾಯಿ ತುಸು ತೆರೆದಿರಲಿ, ಮೇಲಿನ ಹಲ್ಲುಸಾಲು ಕಾಣಲಿ. ಕ್ಯಾಮೆರಾದ ಬ್ಯೂಟಿ ಮೋಡ್ ಆರಿಸಿಡಿ. ಅದು ಚರ್ಮದ ರಂಧ್ರಗಳನ್ನೆಲ್ಲ ನುಂಗಿಹಾಕುತ್ತದೆ, ಆಮೇಲೆ ನೆರಳು ಹಾಕಲು ಹಿಡಿತವೇ ಸಿಗುವುದಿಲ್ಲ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿಕೊಂಡರೆ ಗುಣಮಟ್ಟ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಕೇಬಲ್ ಹಾಕಿ ಇಳಿಸಿಕೊಳ್ಳಿ. ಫೋಟೊದಲ್ಲಿರುವವರಿಗೆ ನೀವು ಏನು ಮಾಡಲಿದ್ದೀರಿ, ಎಲ್ಲಿ ಹಾಕಲಿದ್ದೀರಿ ಎಂಬುದನ್ನು ಈಗಲೇ ಹೇಳಿ ಒಪ್ಪಿಸಿಕೊಳ್ಳಿ. ಕೋರೆಹಲ್ಲು ಮೂಡಿದ ಮೇಲೆ ಕೇಳಿದರೆ ಅದು ಕೇಳಿದಂತಲ್ಲ.

ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ಗಿಂಪ್ ಉಚಿತ. ಇನ್‌ಸ್ಟಾಲ್ ಮಾಡುವ ಅವಕಾಶವಿಲ್ಲದವರು ಬ್ರೌಸರ್‌ನಲ್ಲೇ ತೆರೆಯುವ ಫೋಟೊಪಿಯಾ ಬಳಸಬಹುದು. ಅದರಲ್ಲಿ ಚಿತ್ರ ನಿಮ್ಮ ಯಂತ್ರದಲ್ಲೇ ಇರುತ್ತದೆ, ಬೇರೆಯವರ ಸರ್ವರ್‌ಗೆ ಹೋಗುವುದಿಲ್ಲ. ಕೆಳಗಿನ ಹೆಸರುಗಳು ಫೋಟೊಪಿಯಾದವು. ಫೋಟೊಶಾಪ್ ಬಲ್ಲವರಿಗೆ ಅವು ಹಳೆಯ ಪರಿಚಯವೇ.

ಚರ್ಮ: ಕೆಂಪು ಹೋಗಲಿ, ಕಂದು ಇರಲಿ

ಚಿತ್ರ ತೆರೆದು ಕಂಟ್ರೋಲ್ ಮತ್ತು ಜೆ ಒತ್ತಿ ಲೇಯರ್‌ನ, ಅಂದರೆ ಒಂದರ ಮೇಲೊಂದು ಇಡುವ ಹಾಳೆಯಂಥ ಪದರದ, ಪ್ರತಿ ಮಾಡಿಕೊಳ್ಳಿ. ಮೂಲ ಲೇಯರ್ ಮುಟ್ಟಬೇಡಿ.

ನಮ್ಮ ಚರ್ಮದ ಕಂದು ಬಣ್ಣ ಮೆಲನಿನ್‌ನದು; ಅದರ ಮೇಲಿನ ಕೆಂಪು ಛಾಯೆ ಒಳಗೆ ಹರಿಯುವ ರಕ್ತದ್ದು. ಸತ್ತವನ ಮೈಯಲ್ಲಿ ನಿಂತುಹೋಗುವುದು ರಕ್ತದ ಹರಿವು. ಮೆಲನಿನ್ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಕಂದು ಮೈಬಣ್ಣದವರು ರಕ್ತ ಕಳೆದುಕೊಂಡರೆ ಬೂದಿ ಬಣ್ಣಕ್ಕೆ ತಿರುಗುತ್ತಾರೆಯೇ ಹೊರತು ಬೆಳ್ಳಗಾಗುವುದಿಲ್ಲ. ರಕ್ತಹೀನತೆ ಇದೆಯೇ ಎಂದು ನೋಡಲು ವೈದ್ಯರು ಕೆಳರೆಪ್ಪೆಯನ್ನು ಎಳೆದು, ಅಂಗೈ ಬಿಡಿಸಿ ನೋಡುವುದನ್ನು ನೆನಪಿಸಿಕೊಳ್ಳಿ. ಮೆಲನಿನ್ ಕಡಿಮೆಯಿರುವ ಆ ಜಾಗಗಳಲ್ಲೇ ರಕ್ತದ ಕೊರತೆ ಚೆನ್ನಾಗಿ ಕಾಣುತ್ತದೆ. ನಾವು ತಿದ್ದಬೇಕಾದ ಜಾಗಗಳೂ ಅವೇ.

ಹ್ಯೂ ಸ್ಯಾಚುರೇಷನ್ ಎಂಬ ಅಡ್ಜಸ್ಟ್‌ಮೆಂಟ್ ಲೇಯರ್ (ಕೆಳಗಿನ ಚಿತ್ರ ಮುಟ್ಟದೆ ಬಣ್ಣ ತಿದ್ದುವ ಪದರ) ಸೇರಿಸಿ. ಒಟ್ಟು ಚಿತ್ರದ ಬಣ್ಣ ಇಳಿಸದೆ, ಪಟ್ಟಿಯಲ್ಲಿ ರೆಡ್ಸ್ ಆರಿಸಿ ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆಯನ್ನು, ಸುಮಾರು 40ರಷ್ಟು ಕೆಳಗಿಳಿಸಿ. ಯೆಲ್ಲೋಸ್‌ನಲ್ಲಿ 20ರಷ್ಟು ಸಾಕು. ಅದೇ ಪೆಟ್ಟಿಗೆಯಲ್ಲಿ ಲೈಟ್‌ನೆಸ್ ಎಂಬ ಪಟ್ಟಿ ಕೈಬೀಸಿ ಕರೆಯುತ್ತದೆ, ಹೋಗಬೇಡಿ. ಅದನ್ನು ಏರಿಸಿದರೆ ನೆರಳೂ ಬೆಳಕೂ ಒಂದಾಗಿ ಮುಖ ಚಪ್ಪಟೆಯಾಗುತ್ತದೆ. ಬದಲಿಗೆ ಗೆರೆಯೊಂದನ್ನು ಬಗ್ಗಿಸಿ ಹೊಳಪು, ಬಣ್ಣ ಹೊಂದಿಸುವ ಕರ್ವ್ಸ್ ಸೇರಿಸಿ, ನೀಲಿ ಚಾನಲ್‌ನ ಗೆರೆಯ ಎಡ ತುದಿಯನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿ. ಕೆಂಪು ಚಾನಲ್‌ನ ನಡುಭಾಗವನ್ನು ಅಷ್ಟೇ ಕೆಳಗೆ ತನ್ನಿ. ನೆರಳಿಗೆ ತಣ್ಣನೆಯ ನೀಲಿ ಬರುತ್ತದೆ.

ಈ ಎರಡೂ ಲೇಯರ್‌ಗಳ ಮಾಸ್ಕ್ (ಕಪ್ಪು ಬಳಿದಲ್ಲಿ ಆ ಲೇಯರ್ ಅನ್ನು ಮರೆಮಾಡುವ ಮುಸುಕು) ಮೇಲೆ ಕಪ್ಪು ಬ್ರಷ್‌ನಿಂದ ಬಟ್ಟೆಯನ್ನೂ ಹಿನ್ನೆಲೆಯನ್ನೂ ಹೊರಗಿಡಿ. ಕಿವಿಯನ್ನು ಮರೆಯಬೇಡಿ. ಹಿಂದಿನಿಂದ ಬೆಳಕು ಬಿದ್ದಿದ್ದರೆ ಕಿವಿಯ ಅಂಚು ಕೆಂಪಗೆ ಉರಿಯುತ್ತಿರುತ್ತದೆ. ಮುಖವೆಲ್ಲ ಹೆಣದ ಬಣ್ಣಕ್ಕೆ ತಿರುಗಿದರೂ ಆ ಒಂದು ಕಿವಿ ಮನುಷ್ಯ ಬದುಕಿದ್ದಾನೆಂದು ಸಾರುತ್ತಿರುತ್ತದೆ. ಕತ್ತು, ಬೆರಳು, ಉಗುರು ಎಲ್ಲಕ್ಕೂ ಇದೇ ಮಾತು.

ತುಟಿಗೆ ಬರುವಾಗ ಒಂದು ತೀರ್ಮಾನ ಮಾಡಿಕೊಳ್ಳಬೇಕು: ಈ ಪಿಶಾಚಿ ಹಸಿದಿದೆಯೋ, ಉಂಡಿದೆಯೋ? ಹಸಿದದ್ದಾದರೆ ತುಟಿಯೂ ಬೂದಿ, ಕೆಳರೆಪ್ಪೆಯ ಅಂಚೂ ಬೂದಿ. ಉಂಡದ್ದಾದರೆ ತುಟಿಯ ಒಳಭಾಗ ಕಡುಗೆಂಪು, ಕೆನ್ನೆಯಲ್ಲಿ ತುಸು ಬಣ್ಣ. ಬಾಲ್ಕನ್ ಕಡೆಯ ಹಳ್ಳಿಗಳ ಹಳೆಯ ನಂಬಿಕೆಯಲ್ಲಂತೂ ರಕ್ತಪಿಶಾಚಿ ಬಿಳಿಚಿಕೊಂಡದ್ದೇ ಅಲ್ಲ. ಕುಡಿದ ರಕ್ತಕ್ಕೆ ಉಬ್ಬಿ ಕೆಂಪೇರಿದ ಹೆಣ ಅದು. ಅದನ್ನು ಬಿಳಿಚಿಸಿ, ಕೋಟು ತೊಡಿಸಿ, ಕೋಟೆಯಲ್ಲಿ ಕೂರಿಸಿದವರು ಹತ್ತೊಂಬತ್ತನೆಯ ಶತಮಾನದ ಯುರೋಪಿನ ಕಥೆಗಾರರು. ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ, ಬೆರಸಬೇಡಿ. ನನ್ನ ಒಲವು ಹಸಿದ ಪಿಶಾಚಿಯ ಕಡೆಗೆ. ಅದಕ್ಕೆ ಇನ್ನೂ ಏನೋ ಬೇಕಾಗಿದೆ ಎಂಬುದು ಮುಖದಲ್ಲೇ ಗೊತ್ತಾಗುತ್ತದೆ.

ಕಣ್ಣು

ಖಾಲಿ ಲೇಯರ್ ಸೇರಿಸಿ ಅದರ ಬ್ಲೆಂಡ್ ಮೋಡ್, ಅಂದರೆ ಕೆಳಗಿನ ಲೇಯರ್ ಜೊತೆ ಬೆರೆಯುವ ಬಗೆಯನ್ನು, ಕೆಳಗಿನದನ್ನು ಕಪ್ಪಾಗಿಸುವ ಮಲ್ಟಿಪ್ಲೈಗೆ ಬದಲಿಸಿ. ಬಣ್ಣವನ್ನು ಹೊರಗಿನಿಂದ ತರಬೇಡಿ. ಚಿತ್ರದಿಂದಲೇ ಬಣ್ಣ ಎತ್ತುವ ಐಡ್ರಾಪರ್‌ನಿಂದ ಅದೇ ಮುಖದ ನೆರಳಿನ ಭಾಗದಿಂದ ಎತ್ತಿಕೊಂಡು ತುಸು ನೇರಳೆಯತ್ತ ಸರಿಸಿ. ಮೃದು ಅಂಚಿನ ಬ್ರಷ್‌ನ ಒಪಾಸಿಟಿ (ಬಣ್ಣದ ದಟ್ಟತೆ) ನೂರಕ್ಕೆ 10ರಷ್ಟು ಇಟ್ಟು, ಮೂಗಿನ ಬುಡಕ್ಕೆ ತಾಗುವ ಒಳಮೂಲೆಯಿಂದ ಹೊರಕ್ಕೆ ಪದರ ಪದರವಾಗಿ ನೆರಳು ಕಟ್ಟಿ. ಕಣ್ಣಿನ ಸುತ್ತ ಒಂದೇ ಸಮ ಕಪ್ಪು ಬಳಿದರೆ ಯಾರೋ ಗುದ್ದಿದಂತೆ ಕಾಣುತ್ತದೆ.

ಕಣ್ಣಿನ ಪಾಪೆಗೆ, ಅಂದರೆ ಕಪ್ಪು ಕಣ್ಮಣಿಯ ಸುತ್ತಲಿನ ಬಣ್ಣದ ವೃತ್ತಕ್ಕೆ, ಬಣ್ಣ ಕೊಡುವಲ್ಲಿ ಅಂತರ್ಜಾಲದ ಬಹುತೇಕ ಪಾಠಗಳು ನಮಗೆ ಕೈಕೊಡುತ್ತವೆ. ಅವು ನೀಲಿ, ಹಸಿರು ಕಣ್ಣಿನವರನ್ನು ಇಟ್ಟುಕೊಂಡು ಬರೆದವು. ನಮ್ಮ ಕಡುಕಂದು ಪಾಪೆಯ ಮೇಲೆ ಕಲರ್ ಮೋಡ್‌ನಲ್ಲಿ ಎಷ್ಟು ಕೆಂಪು ಹಾಕಿದರೂ ಏನೂ ಕಾಣದು, ಏಕೆಂದರೆ ಆ ಮೋಡ್ ಕೆಳಗಿನ ಹೊಳಪನ್ನು ಹಾಗೆಯೇ ಬಿಟ್ಟು ಬಣ್ಣವನ್ನಷ್ಟೇ ಬದಲಿಸುತ್ತದೆ. ಆದ್ದರಿಂದ ಮೊದಲು ಪಾಪೆಯನ್ನು ವೃತ್ತಾಕಾರದಲ್ಲಿ ಆಯ್ದು, ನಡುವಿನ ಕಪ್ಪು ಕಣ್ಮಣಿಯನ್ನು ಬಿಟ್ಟು, ಕರ್ವ್ಸ್‌ನಿಂದ ಹೊಳಪು ಏರಿಸಿ. ಕಣ್ಣಿನಲ್ಲಿ ಬೆಳಕು ಪ್ರತಿಫಲಿಸುವ ಹೊಳಪಿನ ಚುಕ್ಕೆ ಇರುವ ಬದಿಗಿಂತ ಅದರ ಆಚೆಬದಿಯ ಅರ್ಧ ಹೆಚ್ಚು ಏರಲಿ. ಆಮೇಲೆ ಜೇನು ಬಣ್ಣವನ್ನೋ ಕೆಂಪನ್ನೋ ಕಲರ್ ಮೋಡ್‌ನಲ್ಲಿ ಹಾಕಿ. ಪಾಪೆಯ ಹೊರ ಅಂಚಿನ ಕಪ್ಪು ಉಂಗುರ ಉಳಿಯಬೇಕು. ಕಣ್ಣಿನಲ್ಲಿರುವ ಬೆಳಕಿನ ಚುಕ್ಕೆಯನ್ನು ಅಳಿಸಿದರೆ ನೋಟ ಸಾಯುತ್ತದೆ. ಇದು ಸತ್ತ ಪಿಶಾಚಿಗೂ ಒಳ್ಳೆಯದಲ್ಲ.

ಕೋರೆಹಲ್ಲು

ಕೋರೆಯ ರಾಕ್ಷಸರು ನಮಗೆ ಹೊಸಬರಲ್ಲ. ಚಿತ್ರದುರ್ಗದ ಕೋಟೆಯ ಹಿಡಿಂಬೇಶ್ವರ ಗುಡಿಗೆ ಹಿಡಿಂಬಾಸುರನ ಹಲ್ಲಿನ ಕಥೆಯೇ ಅಂಟಿಕೊಂಡಿದೆ. ಹೊಸ ಮನೆ ಕಟ್ಟುವಲ್ಲೆಲ್ಲ ದೃಷ್ಟಿಬೊಂಬೆ ಕೋರೆ ತೋರಿಸುತ್ತ ನೇತಾಡುತ್ತದೆ. ಆ ಕೋರೆಗಳು ಬೀದಿಯಾಚೆಗೂ ಕಾಣಲೆಂದೇ ಹೊರಕ್ಕೆ ಬಾಗಿರುತ್ತವೆ. ರಕ್ತಪಿಶಾಚಿಯದು ಹಾಗಲ್ಲ, ಎರಡನೆಯ ಸಲ ನೋಡಿದಾಗ ಕಾಣಬೇಕು.

ನಡುಗೆರೆಯಿಂದ ಎಣಿಸಿದರೆ ಎರಡೂ ಕಡೆ ಮೂರನೆಯದು ಕೋರೆಹಲ್ಲು. ಎರಡನೆಯದನ್ನು ಉದ್ದ ಮಾಡಿದ ಪೋಸ್ಟರ್‌ಗಳು ಬೇಕಾದಷ್ಟಿವೆ. ಅವು ಪಿಶಾಚಿಗಿಂತ ಇಲಿಗೆ ಹತ್ತಿರ. ಆ ಮೂರನೆಯ ಹಲ್ಲನ್ನೇ, ಸುತ್ತ ಗೆರೆ ಎಳೆದು ಆಯುವ ಲ್ಯಾಸೊದಿಂದ ಆಯ್ದು, ಕಂಟ್ರೋಲ್ ಮತ್ತು ಜೆ ಒತ್ತಿ ಬೇರೆ ಲೇಯರ್‌ಗೆ ತನ್ನಿ. ನಂತರ ಎಡಿಟ್ ಪಟ್ಟಿಯಲ್ಲಿ ಆಕಾರ ಬಗ್ಗಿಸುವ ವಾರ್ಪ್‌ನಿಂದ ಕೆಳತುದಿಯನ್ನು ಎಳೆದು ಚೂಪು ಮಾಡಿ. ಹಲ್ಲಿನ ಬುಡ ಅಲುಗಬಾರದು. ತುದಿ ತುಸು ಒಳಕ್ಕೆ ಬಾಗಲಿ. ಕೆಳತುಟಿಯ ಮೇಲಂಚನ್ನು ಸ್ವಲ್ಪ ದಾಟಿದರೆ ಉದ್ದ ಸಾಕು. ಎಡದ ಹಲ್ಲನ್ನು ತಿರುಗಿಸಿ ಬಲಕ್ಕೆ ಅಂಟಿಸಬೇಡಿ. ಯಾರ ಬಾಯಲ್ಲೂ ಎರಡು ಕೋರೆ ಒಂದೇ ಅಚ್ಚಿನವಲ್ಲ.

ಎಳೆದ ಹಲ್ಲಿಗೆ ಬಿಳಿ ಬಳಿಯುವ ಆಸೆ ಬರುತ್ತದೆ. ನಿಜವಾದ ಕೋರೆಹಲ್ಲು ಪಕ್ಕದ ಬಾಚಿಹಲ್ಲಿಗಿಂತ ತುಸು ಹಳದಿಯೇ ಇರುತ್ತದೆ, ವಸಡಿನ ಹತ್ತಿರ ಇನ್ನೂ ಹೆಚ್ಚು. ಅದನ್ನು ಬಿಟ್ಟುಬಿಡಿ. ಬದಲಿಗೆ ಕೆಳತುಟಿಯ ಮೇಲೆ ಕೋರೆಯ ನೆರಳನ್ನು ಮಲ್ಟಿಪ್ಲೈ ಲೇಯರ್‌ನಲ್ಲಿ, ಬೆಳಕಿನ ಎದುರು ದಿಕ್ಕಿಗೆ ಸಣ್ಣದಾಗಿ ಎಳೆದು ಮಸುಕು ಮಾಡಿ. ಈ ಬೆರಳುಗುರಿನಷ್ಟು ನೆರಳಿಲ್ಲದಿದ್ದರೆ ಹಲ್ಲು ಬಾಯಲ್ಲಿದ್ದೂ ಸ್ಟಿಕ್ಕರ್ ಆಗಿಯೇ ಉಳಿಯುತ್ತದೆ.

ರಕ್ತ, ಕತ್ತಲು, ಕನ್ನಡಿ

ರಕ್ತ ಬೇಕೇಬೇಕೆಂದಿಲ್ಲ. ಬೇಕಾದರೆ ತುಟಿಯ ಒಂದು ಮೂಲೆಯಿಂದ ಒಂದೇ ಗೆರೆ ಇಳಿಯಲಿ, ಗಲ್ಲದ ಉಬ್ಬಿಗೆ ಬಂದಾಗ ಬಾಗಲಿ. ಗಾಳಿಗೆ ಒಡ್ಡಿದ ರಕ್ತ ಒಣಗುತ್ತ ಕಂದಾಗುತ್ತದೆ. ಟೊಮೆಟೊ ಸಾಸ್‌ನ ಕೆಂಪು ಬೇಡ.

ಹಿನ್ನೆಲೆಯನ್ನು ಕರ್ವ್ಸ್‌ನಿಂದ ಕತ್ತಲೆಯಾಗಿಸಿ, ಅಂಚುಗಳನ್ನು ಇನ್ನಷ್ಟು. ಕೊನೆಗೆ ಎಲ್ಲ ಲೇಯರ್‌ಗಳ ಮೇಲೆ ತೆಳುವಾಗಿ ನಾಯ್ಸ್ (ಪುಡಿಪುಡಿ ಚುಕ್ಕೆಗಳು) ಹಾಕಿದರೆ ನೀವು ಬಳಿದದ್ದಕ್ಕೂ ಕ್ಯಾಮೆರಾ ಹಿಡಿದದ್ದಕ್ಕೂ ಒಂದೇ ಮೈಗುಣ ಬರುತ್ತದೆ.

ಉತ್ಸಾಹ ಉಳಿದಿದ್ದರೆ ಕನ್ನಡಿಯ ಆಟ ಆಡಬಹುದು. ಕಥೆಗಳ ಪ್ರಕಾರ ರಕ್ತಪಿಶಾಚಿಗೆ ಪ್ರತಿಬಿಂಬವಿಲ್ಲ. ಮೊಬೈಲನ್ನು ಅಲುಗದಂತೆ ಒರಗಿಸಿಟ್ಟು, ಕನ್ನಡಿಯ ಮುಂದೆ ಗೆಳೆಯ ನಿಂತಾಗ ಒಂದು, ಅವನು ಸರಿದ ಮೇಲೆ ಒಂದು ಫೋಟೊ ತೆಗೆಯಿರಿ. ಮೊದಲನೆಯದನ್ನು ಮೇಲಿಟ್ಟು, ಮಾಸ್ಕ್‌ನಲ್ಲಿ ಕನ್ನಡಿಯ ಭಾಗಕ್ಕೆ ಮಾತ್ರ ಕಪ್ಪು ಬಳಿದರೆ ಕೆಳಗಿನ ಖಾಲಿ ಕನ್ನಡಿ ಕಾಣಿಸಿಕೊಳ್ಳುತ್ತದೆ.

ಬರೀ ಮೊಬೈಲ್ ಇರುವವರು ಸ್ನ್ಯಾಪ್‌ಸೀಡ್ ಎಂಬ ಆ್ಯಪ್‌ನಲ್ಲಿ ಬಣ್ಣ ಇಳಿಸುವುದು, ನೆರಳು ಕಟ್ಟುವುದು ಎರಡನ್ನೂ ಮಾಡಬಹುದು. ಕೋರೆಹಲ್ಲು ಎಳೆಯಲು ಅದರಲ್ಲಿ ಅನುಕೂಲವಿಲ್ಲ. ಒಂದು ಸಾಲು ಬರೆದರೆ ಕೃತಕ ಬುದ್ಧಿಮತ್ತೆಯೇ ಪಿಶಾಚಿ ಮಾಡಿಕೊಡುತ್ತದಲ್ಲ ಎನ್ನಬಹುದು. ಕೊಡುತ್ತದೆ, ಆದರೆ ಎಷ್ಟೋ ಸಲ ಆ ಪಿಶಾಚಿ ನಿಮ್ಮ ಗೆಳೆಯನಾಗಿರುವುದಿಲ್ಲ. ಅವನ ಹುಬ್ಬು, ಮೂಗು, ಗಡ್ಡವನ್ನು ಹೋಲುವ ಬೇರೆ ಯಾರೋ ಆಗಿರುತ್ತಾನೆ.

ಮುಗಿದ ಚಿತ್ರವನ್ನು ಲೇಯರ್ ಸಮೇತ ಪಿಎಸ್‌ಡಿ ಆಗಿಯೂ, ಹಂಚಲು ಜೆಪೆಗ್ ಆಗಿಯೂ ಉಳಿಸಿ. ಪೋಸ್ಟರ್‌ಗೆಂದು ಮುದ್ರಿಸುವುದಾದರೆ ಪರದೆಯಲ್ಲಿ ಕಂಡದ್ದಕ್ಕಿಂತ ಕಾಗದದ ಮೇಲೆ ಎಲ್ಲವೂ ಕಪ್ಪಾಗಿ ಬರುತ್ತದೆ. ಕಷ್ಟಪಟ್ಟು ಕಟ್ಟಿದ ಕಣ್ಣಿನ ನೆರಳು ಮಸಿಯ ಗುಂಡಿಯಾಗಿಬಿಡುತ್ತದೆ. ನೆರಳನ್ನು ತುಸು ಎತ್ತಿ, ಮೊದಲು ಪೋಸ್ಟ್‌ಕಾರ್ಡ್ ಅಳತೆಯಲ್ಲೊಂದು ಪ್ರತಿ ತೆಗೆಸಿ ನೋಡಿ. ಸ್ಟುಡಿಯೊದವರಿಗೆ ‘ಮುಖಕ್ಕೆ ಏನೂ ಮಾಡಬೇಡಿ’ ಎಂದು ಎರಡು ಸಲ ಹೇಳಿ. ಇಲ್ಲವಾದರೆ ಅಭ್ಯಾಸಬಲದಿಂದ ಅವರು ಕಣ್ಣಿನ ಕೆಳಗಿನ ಕಪ್ಪನ್ನೆಲ್ಲ ಅಳಿಸಿ, ಕೆನ್ನೆಗೆ ಬಣ್ಣ ತಂದು ಕೊಟ್ಟಾರು.